ಎಲ್ಲರ ದನ ಬಲ್ಲವಳು

ನಮ್ಮ ಕಾನ್ಯೆ ಊರಿನಲ್ಲಿ ಗಂಡಸನ್ನು ನಿನಗೆ ವಯಸ್ಸೆಷ್ಟು, ಹೆಂಡತಿ ಯಾಕೆ ತವರಿಗೆ ಹೋದಳು ಎಂದೆಲ್ಲ ಕೇಳಬಹುದು. ದನ ಎಷ್ಟಿದೆ ಎಂದು ಮಾತ್ರ ಕೇಳುವಂತಿಲ್ಲ. ಕೇಳಿದರೆ "ಏನೋ ಒಂದೆರಡು" ಎಂದು ಆಕಾಶ ನೋಡುತ್ತಾನೆ. ಅಂಥ ಊರಿನ ಅಷ್ಟೂ ದನದ ಲೆಕ್ಕ ಇರುವುದು ನಮ್ಮ ಪಶು ಕಚೇರಿಯ ಕಂಪ್ಯೂಟರಿನಲ್ಲಿ. ಅದರ ಉಸ್ತುವಾರಿ ನನ್ನ ಪಕ್ಕದ ಮೇಜಿನ ಸೆಥುನ್ಯಾಳದು.

ಕಿವಿಗೆ ಬಿಲ್ಲೆ ಹಾಕಿಸಿಕೊಂಡ ಪ್ರತಿ ದನಕ್ಕೂ ಅಲ್ಲಿ ಒಂದು ಸಂಖ್ಯೆ, ಒಬ್ಬ ಯಜಮಾನ. ಸತ್ತ ಹೋರಿ ಕಂಪ್ಯೂಟರಿನಲ್ಲಿ ಇನ್ನೂ ಮೇಯುತ್ತಿದ್ದರೆ ಸೆಥುನ್ಯಾ ಅದನ್ನು ಹುಡುಕಿ ತೆಗೆಯುತ್ತಾಳೆ. ಮಾರಿಹೋದ ಹಸು ಇಬ್ಬರ ಹೆಸರಿನಲ್ಲಿದ್ದರೆ ಒಬ್ಬನ ಹೆಸರಿಗೆ ಸೇರಿಸುತ್ತಾಳೆ. ವಾರಕ್ಕೊಮ್ಮೆ ಎಲ್ಲದರ ನಕಲು ತೆಗೆದು ರಾಜಧಾನಿಗೆ ಕಳಿಸುತ್ತಾಳೆ, ಇಲ್ಲಿನ ಯಂತ್ರ ಸುಟ್ಟುಹೋದರೂ ಲೆಕ್ಕ ಉಳಿಯಲಿ ಎಂದು. ಕಚೇರಿಯಲ್ಲಿ ಯಾರು ಏನನ್ನು ನೋಡಬಹುದು ಎಂದು ಗೊತ್ತುಮಾಡುವವಳೂ ಅವಳೇ. ಕಾರಣ ಬರೆಯದೆ ಯಾರ ಪುಟವೂ ತೆರೆಯುವುದಿಲ್ಲ, ತೆರೆದವರ ಹೆಸರು ತಾನಾಗಿ ದಾಖಲಾಗುತ್ತದೆ. ಇಷ್ಟು ವರ್ಷವಾದರೂ ಅವಳ ಬಾಯಿಂದ ಒಂದು ಕರುವೂ ಹೊರಗೆ ಬಿದ್ದಿಲ್ಲ. ನನ್ನಂಥ ಬಾಯಿಬಡುಕಿಗೆ ಅವಳ ಪಕ್ಕ ಕೂರುವುದೇ ಒಂದು ಶಿಕ್ಷೆ. ಆದರೂ ಮಧ್ಯಾಹ್ನ ಕರಬೂಜ ಹಾಕಿ ಕಾಯಿಸಿದ ಜೋಳದ ಗಂಜಿಯನ್ನು ನನಗೂ ಬಗ್ಗಿಸಿ ಕೊಟ್ಟು, ತಾನು ನಿಧಾನವಾಗಿ ಉಣ್ಣುವ ಅವಳನ್ನು ನೋಡಿದರೆ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ.

ಹೋದ ಚಳಿಗಾಲದಲ್ಲಿ ಅವಳ ಮಗಳು ಬೊನೊಲೊಗೆ ಮೊಶುಪ ಊರಿನ ಹುಡುಗನೊಬ್ಬ ಗೊತ್ತಾದ. ಇನ್ನು ಬೊಗಾದಿಯ, ಅಂದರೆ ಹೆಣ್ಣಿಗೆ ಕೊಡುವ ತೆರದ, ಮಾತು ಕೂರಬೇಕು, ಗಂಡಿನವರು ಎಷ್ಟು ದನ ಹೊಡೆದುಕೊಂಡು ಬರಬೇಕೆಂದು ತೀರ್ಮಾನವಾಗಬೇಕು. ಹೆಣ್ಣಿನ ಸೋದರಮಾವ ಇಲ್ಲದೆ ಆ ಮಾತು ಕೂರುವುದೇ ಇಲ್ಲ. ಸೋದರಮಾವ ಎಂದರೆ ಸೆಥುನ್ಯಾಳ ಅಣ್ಣ ಮೊತ್ಸುಮಿ. ಊರಿಗೆಲ್ಲ ಬುದ್ಧಿ ಹೇಳುವ, ತನ್ನ ಮನೆಯ ಸೋರುವ ಸೂರನ್ನು ಮಾತ್ರ ತಲೆಯೆತ್ತಿ ನೋಡದ ಮನುಷ್ಯ. ಒಂದು ದಿನ ಅವನು ನೇರವಾಗಿ ಕಚೇರಿಗೇ ಬಂದ.

"ನಾಲ್ಕು ದನ ಕೊಡ್ತೀವಿ ಅಂತ ಹೇಳಿ ಕಳಿಸಿದಾರೆ. ಇಟ್ಕೊಂಡೂ ಇಲ್ಲ ಅನ್ನೋ ಜನ ಅವರು. ಆ ಹುಡುಗನ ಅಪ್ಪನ ಹೆಸರಲ್ಲಿ ಎಷ್ಟಿದೆ, ಒಂದ್ಸಲ ನೋಡ್ಬಿಡು."

"ಆಗಲ್ಲಣ್ಣ."

"ಯಾಕಾಗಲ್ಲ? ಕಣ್ಣು ಹೋಗಿದ್ಯಾ?"

"ಕಣ್ಣು ಚೆನ್ನಾಗೇ ಇದೆ. ದನ ಅವರದ್ದು."

"ಹಂಗಾದ್ರೆ ಮಾತಿಗೆ ಈ ಕಂಪ್ಯೂಟರನ್ನೇ ಸೋದರಮಾವ ಅಂತ ಕೂರಿಸ್ಕೋ" ಎಂದು ಅವನು ಹೊರಟೇಹೋದ.

ಮಾತಿಗೆ ಗೊತ್ತಾಗಿದ್ದ ಶನಿವಾರ ಹತ್ತಿರ ಬಂತು, ಮೊತ್ಸುಮಿಯ ಸುಳಿವಿಲ್ಲ. ಗಂಡಿನವರು ಬಂದು ಖಾಲಿ ಕುರ್ಚಿ ನೋಡಿ ವಾಪಸು ಹೋದರೆ ಆ ಅವಮಾನ ಮದುವೆಯನ್ನೇ ಮುರಿಯುತ್ತದೆ ಎಂದು ಬೊನೊಲೊ ಅತ್ತಳಂತೆ. ನೋಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನೂ ಒತ್ತಾಯಿಸಿದೆ.

"ಯಾರು ನೋಡಿದ್ರು ಅಂತ ಅದು ಬರ್ಕೊಳತ್ತೆ" ಎಂದಳು ಸೆಥುನ್ಯಾ. "ಬರ್ಕೊಂಡಿದ್ದನ್ನ ಓದಿ ಹಿಡಿಯೋ ಕೆಲಸ ನಂದೇ."

ಹಿಡಿಯುವವಳು ತಾನೇ ಆದಮೇಲೆ ಇನ್ನೇನು ಭಯ ಎಂದು ನನಗೆ ರೇಗಿತು. ಅವತ್ತು ಅವಳು ಗಂಜಿಯನ್ನೂ ಮುಟ್ಟಲಿಲ್ಲ.

ಗುರುವಾರ ಕಚೇರಿಯ ಕಿಂಡಿಗೆ ಬಂದವಳು ಮೊತ್ಸುಮಿಯ ಹೆಂಡತಿ ಗೊಸೆಗೊ. ಸೂರಿಗೆ ತಗಡು ಹಾಕಿಸು ಎಂದರೆ ಗಂಡ ಮಾರಲು ದನವೇ ಇಲ್ಲ ಅನ್ನುತ್ತಾನಂತೆ, ನಿಜವಾಗಿ ಎಷ್ಟಿದೆ ಹೇಳು ಎಂದು ನಾದಿನಿಯನ್ನು ಕೇಳಿದಳು. ಅಣ್ಣನ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದುಂಟೇ? ಸೆಥುನ್ಯಾ ಅತ್ತಿಗೆಗೆ ಕುರ್ಚಿ ಹಾಕಿದಳು, ಚಹಾ ತರಿಸಿದಳು, ಅಣ್ಣನೇ ಬಂದು ಕೇಳಿದರೆ ಮಾತ್ರ ತೆರೆಯುತ್ತೇನೆ ಎಂದಳು. ಗೊಸೆಗೊ ಗೊಣಗುತ್ತ ಮನೆಗೆ ಹೋಗಿ, ನಿನ್ನ ತಂಗಿ ನನಗೂ ಹೇಳಲಿಲ್ಲ ಎಂದು ಗಂಡನಿಗೆ ದೂರಿದಳಂತೆ.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಳದಲ್ಲಿ ಕೂತಿದ್ದವನು ಮೊತ್ಸುಮಿ. ಕೋಟು ತೊಟ್ಟು, ಹ್ಯಾಟು ಮಂಡಿಯ ಮೇಲಿಟ್ಟುಕೊಂಡಿದ್ದ. ತಂಗಿಯ ಮುಖ ನೋಡಲಿಲ್ಲ. ಗಂಡಿನ ಕಡೆಯ ಹಿರಿಯನೊಬ್ಬ, ತಮಗಿರುವ ದನ ಸ್ವಲ್ಪವೇ ಎಂದು ಶುರುಮಾಡುತ್ತಿದ್ದಂತೆ ಇವನೇ ಕೈಯೆತ್ತಿ ತಡೆದ.

"ಎಷ್ಟಿದೆ ಅಂತ ಕೇಳೋದು ಮರ್ಯಾದಸ್ಥರ ಕೆಲಸ ಅಲ್ಲ. ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಿ."

ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಆರು ದನ ಎಂದರು. ಬೊನೊಲೊ ಒಳಗೆ ನನ್ನ ಕೈಯನ್ನು ಮುರಿದುಹೋಗುವಷ್ಟು ಹಿಸುಕಿದಳು.

ಹಿತ್ತಲಲ್ಲಿ ಮೂರು ಕಾಲಿನ ಹಂಡೆಯಲ್ಲಿ ಮಾಂಸ ಬೆಂದಿತ್ತು. ನಮ್ಮ ರೂಢಿಯಂತೆ ಅದನ್ನು ಎಳೆಎಳೆಯಾಗಿ ಕುಟ್ಟುತ್ತಿದ್ದ ಗೊಸೆಗೊ ಸೆಥುನ್ಯಾಳ ಕಡೆ ತಿರುಗಿದಳು.

"ನೀನು ಬಾಯಿ ಬಿಡದೇ ಇದ್ದದ್ದೇ ಒಳ್ಳೇದಾಯ್ತು. ನಿಜವಾಗ್ಲೂ ದನ ಇಲ್ದೇ ಇರೋನಾಗಿದ್ರೆ ನಿಮ್ಮಣ್ಣ ಇನ್ನೂ ಮುನಿಸ್ಕೊಂಡೇ ಇರ್ತಿದ್ದ. ತನ್ನ ಲೆಕ್ಕ ನೀನು ನಂಗೂ ಹೇಳಲಿಲ್ಲ ಅಂತ ಕೇಳಿದ್ದೇ ತಡ, ಎದ್ದು ಕೋಟು ಹುಡುಕಿದ. ಬಚ್ಚಿಡೋಕೆ ದನ ಇರೋದಕ್ಕೇ ತಾನೇ ಅಷ್ಟು ಖುಷಿ? ನಂಗೆ ಬೇಕಾದ ಲೆಕ್ಕ ಸಿಕ್ತು."

ಸೆಥುನ್ಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಮಳೆಗೆ ಮೊದಲೇ ಮೊತ್ಸುಮಿಯ ಮನೆಗೆ ಹೊಸ ತಗಡು ಬಂತು. ಎಷ್ಟು ದನ ಮಾರಿದನಂತೆ ಎಂದು ನಾನು ಸೆಥುನ್ಯಾಳನ್ನು ಕೇಳಿದೆ.

"ಏನೋ ಒಂದೆರಡು" ಎಂದು ಅವಳು ಕಿಟಕಿಯಾಚೆಗೆ ಆಕಾಶ ನೋಡಿದಳು.