ಏಳು ಬಾಗಿಲಿನ ರಂಗೋಲಿ

ಖಾಲಿ ಮನೆ ಖಾಲಿ ಅಂತ ಕಾಣಬಾರದು. ಮನೆ ಕೊಂಡು ಬಾಡಿಗೆಗೆ ಬಿಡುವವರು ಮೊದಲು ಕಲಿಯಬೇಕಾದ ಪಾಠ ಇದಂತೆ. ಬೆಂಗಳೂರಿನ ಸುನಿಲ್‌ಕುಮಾರ್ ನಲ್ಲೂರಿನ ಹತ್ತಿರದ ಹೊಸ ಲೇಔಟಿನಲ್ಲಿ ಒಂದೇ ಸಾಲಿಗೆ ಏಳು ಮನೆ ಕೊಂಡು, ನೋಡಿಕೊಳ್ಳಲು ಅನುಸೂಯಮ್ಮನನ್ನು ಇಟ್ಟ ದಿನವೇ ಇದನ್ನು ಹೇಳಿಕೊಟ್ಟಿದ್ದ.

ಮೂರು ದಿನಕ್ಕೊಮ್ಮೆ ಎಲ್ಲ ನಲ್ಲಿ ತಿರುಗಿಸಿ ನೀರು ಬಿಡಬೇಕು, ಇಲ್ಲದಿದ್ದರೆ ಬಚ್ಚಲ ಪೈಪಿನಿಂದ ವಾಸನೆ ಮೇಲಕ್ಕೆ ಬರುತ್ತದೆ. ಕಿಟಕಿ ತೆಗೆದು ಗಾಳಿಯಾಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು. ಸಂಜೆಗೆ ಲೈಟು ಹಾಕಬೇಕು. ಬಾಗಿಲಲ್ಲಿ ಒಂದೆರಡು ಜೊತೆ ಚಪ್ಪಲಿ, ತಂತಿಯ ಮೇಲೊಂದು ಟವೆಲ್ಲು. ಆಗ ಕಳ್ಳರೂ ಹತ್ತಿರ ಸುಳಿಯುವುದಿಲ್ಲ, ಮನೆ ನೋಡಲು ಬಂದವರೂ ಹಿಂದೇಟು ಹಾಕುವುದಿಲ್ಲ.

ರಂಗೋಲಿ ಮಾತ್ರ ಅನುಸೂಯಮ್ಮನದೇ ಸೇರ್ಪಡೆ. ಫೋಟೋ ನೋಡಿದ ಸುನಿಲ್ "ಸೂಪರ್ ಅಮ್ಮಾ" ಅಂದಿದ್ದ, ಸಂಬಳವನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದ.

ಗಂಡ ತೀರಿಕೊಂಡು, ಮಗಳನ್ನು ಚಿಂತಾಮಣಿ ಕಡೆಗೆ ಕೊಟ್ಟ ಮೇಲೆ ಅವಳು ಗೇಟಿನ ಪಕ್ಕದ ಒಂಟಿ ರೂಮಿಗೆ ಬಂದವಳು. ಎರಡು ವರ್ಷದಿಂದ ಆ ಏಳು ಮನೆಗೂ ಮನಸ್ಸಿನಲ್ಲೇ ಜನರನ್ನು ತುಂಬಿಸಿಕೊಂಡಿದ್ದಳು. ಮೂರನೆಯದರಲ್ಲಿ ಬಾಯಿಬಡುಕಿಯೊಬ್ಬಳಿದ್ದಾಳೆ, ಅವಳ ಬಾಗಿಲಿಗೆ ನಾಲ್ಕೇ ಎಳೆ ರಂಗೋಲಿ ಸಾಕು. ಐದನೆಯದರಲ್ಲಿ ಬಸುರಿ ಇದ್ದಾಳೆ, ಅವಳಿಗೆ ಕಮಲ. ಹುಚ್ಚು ಅನ್ನುವವರು ಅನ್ನಲಿ, ದಿನವಿಡೀ ಬಾಯಿಗೆ ಕೆಲಸವಿಲ್ಲದೆ ಇದ್ದು ನೋಡಲಿ. ಒಂದು ಲೋಟ ಸಕ್ಕರೆ ಕೇಳಿಕೊಂಡು ಬರುವ ಒಬ್ಬ ನೆರೆಯವಳು ಅವಳಿಗೆ ಬೇಕಾಗಿದ್ದಳು, ಅಷ್ಟೇ.

ಮೊನ್ನೆ ಸುನಿಲ್ ಫೋನ್ ಮಾಡಿದ. "ನಾಳೆ ನಾಲ್ಕನೇ ಮನೆ ನೋಡೋಕೆ ಬರ್ತಾರಮ್ಮ. ಎಲ್ಲಾ ಕಡೆ ಜನ ಇದಾರೆ ಅನ್ನಿ. ಒಂದು ತುಂಬಿದ್ರೆ ಮಿಕ್ಕಿದ್ದೂ ತುಂಬುತ್ತೆ."

ಬಂದವರು ರವಿಚಂದ್ರ, ಅವನ ಹೆಂಡತಿ ಕೀರ್ತನ, ಸೊಂಟದ ಮೇಲೊಂದು ಕೂಸು. ಅನುಸೂಯಮ್ಮ ನಲ್ಲಿ ತಿರುಗಿಸಿ ತೋರಿಸಿದಳು, ಕಪಾಟು ತೆಗೆದು ತೋರಿಸಿದಳು. ಕೀರ್ತನಳಿಗೆ ಮನೆ ಹಿಡಿಸಿತು.

"ಇವ್ರಿಗೆ ಏರ್‌ಪೋರ್ಟಲ್ಲಿ ನೈಟ್ ಶಿಫ್ಟು ಆಂಟಿ. ಮಗು ಕಟ್ಕೊಂಡು ನಾನೊಬ್ಳೇ ಇರ್ಬೇಕು. ಅಕ್ಕಪಕ್ಕ ಎಲ್ಲಾ ಮನೇಲೂ ಜನ ಇದಾರೆ, ಅದೇ ಧೈರ್ಯ," ಎಂದಳು. ಪಕ್ಕದ ಬಾಗಿಲಿನ ಪುಟ್ಟ ಚಪ್ಪಲಿ ಕಂಡು ಅವಳ ಮುಖ ಇನ್ನಷ್ಟು ಅರಳಿತು. "ಅಲ್ಲೂ ಮಗು ಇದೆ ಅಲ್ವಾ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾಳಿದ್ದೇ ಸಾಮಾನು ಇಳಿಯುತ್ತಿತ್ತು, ಗೋಡೆಯಾಚೆ ಕುಕ್ಕರ್ ಕೂಗುತ್ತಿತ್ತು. ಕೂಸು ಬೇರೆ ಅನುಸೂಯಮ್ಮನ ಬೆರಳು ಹಿಡಿದುಕೊಂಡು ಬಿಡಲೊಲ್ಲದು.

"ಯಾರೂ ಇಲ್ಲ ಕಣವ್ವ," ಎಂದಳು. "ರಂಗೋಲಿ ಎಲ್ಲಾ ನಾನೇ ಹಾಕೋದು. ಆ ಚಪ್ಲಿ ನನ್ನ ಮೊಮ್ಮಗಳದ್ದು, ಚಿಕ್ಕದಾಯ್ತು ಅಂತ ತಂದಿಟ್ಟೆ. ಈ ಸಾಲಿಗೆಲ್ಲ ನಾನೊಬ್ಳೇ."

ನೀವಿದೀರಲ್ಲ ಆಂಟಿ, ಸಾಕು ಅಂತ ಹುಡುಗಿ ಅಂದಾಳೇನೋ ಎಂದು ಒಂದು ಗಳಿಗೆ ಕಾದಳು. ಕೀರ್ತನ ಗಂಡನ ಮುಖ ನೋಡಿದಳು. ಅವನು ಬೈಕಿನ ಕೀ ತೆಗೆದ.

"ನಿಜ ಹೇಳಿದ್ದು ಒಳ್ಳೇದಾಯ್ತು ಆಂಟಿ," ಎಂದು ಕೀರ್ತನ ಕೂಸಿನ ಬೆರಳು ಬಿಡಿಸಿದಳು. ಗೇಟಿನ ಹತ್ತಿರ ಬೈಕ್ ಹತ್ತುವಾಗ ರೂಮಿನ ಕಡೆ ತಿರುಗಿ ನೋಡಿ ಕೇಳಿದಳು. "ನಿಮ್ಮ ಬಾಗಿಲಿಗೆ ಯಾಕೆ ರಂಗೋಲಿ ಇಲ್ಲ?"

"ಅಲ್ಲಿ ಜನ ಇದಾರಲ್ಲವ್ವ," ಎಂದು ಅನುಸೂಯಮ್ಮ ನಕ್ಕಳು.

ಸಂಜೆ ಸುನಿಲ್‌ಗೆ, ಅವರಿಗೆ ದೂರವಾಯಿತಂತೆ ಅಂತ ಹೇಳಿ ಫೋನ್ ಇಟ್ಟಳು. ಏಳು ಮನೆಗೂ ಲೈಟು ಹಾಕಿ ಬಂದು, ಒಂದು ಮುದ್ದೆ ಉಂಡು ಮಲಗಿದಳು.

ಬೆಳಿಗ್ಗೆ ಏಳು ಬಾಗಿಲಿಗೂ ರಂಗೋಲಿ ಹಾಕಿ ಮುಗಿಸಿದಳು. ಡಬ್ಬಿಯಲ್ಲಿ ಪುಡಿ ಇನ್ನೂ ಇತ್ತು. ತನ್ನ ರೂಮಿನ ಮುಂದೆ ನೀರು ಚಿಮುಕಿಸಿ, ಕುಕ್ಕುರುಗಾಲಲ್ಲಿ ಕೂತು, ಎಂಟನೆಯದನ್ನು ಅಲ್ಲಿ ಹಾಕಿದಳು.