ಮುಖವಿಲ್ಲದ ಮಾವ

ಅತ್ತೆ ಥಟ್ಟನೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಎದ್ದು ನಿಂತರು. ಗೊಳಸಂಗಿಯ ನಮ್ಮ ಪಡಸಾಲೆಗೆ ಯಾರೂ ಬಂದಿರಲಿಲ್ಲ. ನನ್ನ ಲ್ಯಾಪ್‌ಟಾಪ್ ಪರದೆಯ ಮೇಲೆ ಒಂದು ಬೊಂಬೆ ನಡೆಯುತ್ತಿತ್ತು, ಅಷ್ಟೇ. ಮುಖವಿಲ್ಲ, ಬಟ್ಟೆಯಿಲ್ಲ, ಆನಿಮೇಷನ್ ಕಲಿಯುವವರಿಗೆ ಪುಕ್ಕಟೆ ಸಿಗುವ ಬೂದು ಬೊಂಬೆ.

ಕಲಿಯುವವರ ಆನ್‌ಲೈನ್ ಗುಂಪಿನಲ್ಲಿ ನಾನು ಬೊಂಬೆಯ ಯಾವ ನಡಿಗೆ ಹಾಕಿದರೂ, “ಹೆಜ್ಜೆ ಸರಿಯಾಗಿದೆ, ಆದರೆ ಇದು ಯಾರ ನಡಿಗೆ?” ಎಂದೇ ಕೇಳುತ್ತಿದ್ದರು. ಬಿಟ್ಟೇಬಿಡೋಣ ಅನ್ನಿಸಿತ್ತು. ಕೊನೆಗೆ, ಹೊಲದಿಂದ ಬರುವ ಮಾವನವರನ್ನೇ ಕದ್ದು ನೋಡಿ ಈ ನಡಿಗೆ ಮಾಡಿದೆ: ಬೆನ್ನ ಹಿಂದೆ ಕಟ್ಟಿದ ಕೈ, ಮುಂದೆ ನುಗ್ಗುವ ಎಡಭುಜ, ಹೊಸ್ತಿಲ ಬಳಿ ಅರೆಗಳಿಗೆ ನಿಲ್ಲುವ ಕಾಲು.

“ಯಾಕ್ರಿ ಅತ್ತಿ, ಎದ್ದ ನಿಂತ್ರಿ?” ಎಂದೆ.

ಅತ್ತೆ ನಾಚಿ ನಕ್ಕರು. “ನಿಮ್ಮ ಮಾವಾರು ಬಂದ್ರಂತ ತಿಳದ್ನಿ ನೋಡವಾ. ಮಾರಿ ಇಲ್ಲ ಖರೆ, ಆದ್ರ ನಡಿಗಿ ಅವರದ ಐತಿ!”

ಸಂಜೆ ಮಾವನವರಿಗೂ ತೋರಿಸಿದೆವು. “ನಾ ಎಲ್ಲಿ ಹಿಂಗ ನಡೀತೇನಿ? ನಿಮಗೇನ್ ಹುಚ್ಚ ಹಿಡದೈತೇನು?” ಎಂದು ಸಿಡುಕಿ, ಎದ್ದು ಹೊರಟೇಬಿಟ್ಟರು. ಬೆನ್ನ ಹಿಂದೆ ಕೈ, ಮುಂದೆ ಎಡಭುಜ, ಹೊಸ್ತಿಲಲ್ಲಿ ಅರೆಗಳಿಗೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಗುಂಪಿನಲ್ಲಿ ಈಗ ಯಾರ ನಡಿಗೆಯೆಂದು ಯಾರೂ ಕೇಳುವುದಿಲ್ಲ. ನಾನು ಲ್ಯಾಪ್‌ಟಾಪ್ ತೆರೆದರೆ ಸಾಕು, ಮನೆಮಂದಿಯೆಲ್ಲ ನೆಟ್ಟಗೆ ನಡೆಯಲು ಶುರುಮಾಡುತ್ತಾರೆ. ಅತ್ತೆ ಮಾತ್ರ ಪಕ್ಕದಲ್ಲಿ ಬಂದು ಕೂತು, “ಇವತ್ತ ಯಾರ್ನ ನಡಸ್ತೀಯವಾ?” ಎನ್ನುತ್ತಾರೆ.