ಏಳದ ಉಗುರು

ಬನಹಟ್ಟಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇತ್ತು. ಹುಬ್ಬು ತೀಡುವುದು, ಮದುಮಗಳ ಮೇಕಪ್ಪು, ಅಷ್ಟೇ. ಸಾಂಗ್ಲಿಗೆ ಹೋಗಿ ಅಕ್ರಿಲಿಕ್ ಉಗುರು ಕೂರಿಸುವುದನ್ನು ಕಲಿತು ಬಂದ ಮೇಲೆ ನನಗೆ ತುಸು ಜಂಬ ಹತ್ತಿತು. ದ್ರವದಲ್ಲಿ ಅದ್ದಿದ ಕುಂಚದ ತುದಿಗೆ ಪುಡಿ ಎತ್ತಿಕೊಂಡು ಉಗುರಿನ ಮೇಲೆ ಎಳೆದರೆ ಸಾಕು, ಅದು ಗಾಳಿಗೇ ಗಟ್ಟಿಯಾಗುತ್ತದೆ, ಕರೆಂಟಿನ ಹಂಗಿಲ್ಲ. ಕರೆಂಟು ಹೋದರೆ ಮಗ್ಗಗಳೆಲ್ಲ ನಿಂತು ಗಂಡಸರು ಕಟ್ಟೆಗೆ ಬಂದು ಕೂರುವ ನಮ್ಮ ಓಣಿಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಉಗುರು ನಿಲ್ಲಲಿಲ್ಲ. ಊರ ಹೆಂಗಸರು ನೋಡಿ ಆಸೆಪಡಲಿ ಎಂದು ಮೊದಲು ನನ್ನ ಕೈಗೇ ಹಾಕಿಕೊಂಡಿದ್ದೆ. ವಾರ ಕಳೆಯುವುದರೊಳಗೆ ಬುಡದಲ್ಲಿ ಬಿಳಿ ಗೆರೆ ಕಾಣಿಸಿಕೊಂಡು ಒಂದೊಂದೇ ಏಳತೊಡಗಿದವು. ತಲೆ ಬಾಚಿದರೆ ಕೂದಲು ಅದರ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ನೋಡಲು ಬಂದವರು ನೋಡಿದರು, ನಕ್ಕರು, ಹುಬ್ಬು ತೀಡಿಸಿಕೊಂಡು ಹೋದರು.

ಒಂದೊಂದೇ ತಪ್ಪು ಹುಡುಕಿ ತಿದ್ದಿಕೊಂಡೆ. ಎಣ್ಣೆ ಮುಟ್ಟಿದ ಬೆರಳನ್ನು ಸರಿಯಾಗಿ ಒರೆಸದೆ ಕೆಲಸಕ್ಕೆ ಕೂತಿದ್ದೆ. ಉಗುರಿನ ಬುಡಕ್ಕೆ ಅಂಟಿದ ತೆಳ್ಳನೆಯ ಚರ್ಮವನ್ನು ಹಿಂದಕ್ಕೆ ತಳ್ಳಿ ತೆಗೆಯುವುದನ್ನು ಅವಸರದಲ್ಲಿ ಬಿಟ್ಟಿದ್ದೆ. ಪುಡಿಯನ್ನು ಚರ್ಮಕ್ಕೆ ತಾಗುವವರೆಗೂ ಒಯ್ದಿದ್ದೆ. ಅಲ್ಲಿ ಕೂದಲೆಳೆಯಷ್ಟು ಜಾಗ ಬಿಡಬೇಕು. ಸಾಲದ್ದಕ್ಕೆ ಪಕ್ಕದ ಮಗ್ಗಗಳಿಂದ ಹಾರಿ ಬರುವ ಹತ್ತಿಯ ಧೂಳು ಬೇರೆ. ಪುಡಿ ಹಿಡಿಯಲೆಂದು ಮೊದಲು ಪ್ರೈಮರ್ ಹಚ್ಚಿದ ಉಗುರಿನ ಮೇಲೆ ಅದು ಕೂತರೆ ಮುಗಿದೇ ಹೋಯಿತು. ಕಿಟಕಿ ಮುಚ್ಚಿದೆ, ಫ್ಯಾನು ಆರಿಸಿದೆ, ಬೆವರುತ್ತಾ ಕೆಲಸ ಮಾಡಿದೆ. ಆದರೂ ನನ್ನವು ಏಳುತ್ತಿದ್ದವು, ಅದರಲ್ಲೂ ಬಲಗೈಯವು.

ಕಾರಣ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದು ನಾದುವ ಕೈ, ರೊಟ್ಟಿ ಬಡಿಯುವ ಕೈ, ಹಂಚಿಗೆ ಹಾಕಿದ ಮೇಲೆ ನೀರು ಸವರುವ ಕೈ, ಎಲ್ಲ ಅದೇ ಕೈ. ಬಿಸಿ, ನೀರು, ಪೆಟ್ಟು ಮೂರೂ ಸೇರಿದರೆ ಯಾವ ಉಗುರು ನಿಂತೀತು? ಒಂದು ದಿನ ಊಟಕ್ಕೆ ಕೂತಾಗ ಇದನ್ನು ಗಂಡನಿಗೆ ಹೇಳಿದೆ, ಅತ್ತೆಯ ಕಿವಿಗೆ ಬೀಳುವಷ್ಟು ಜೋರಾಗಿ. ಬೇಕೆಂದೇ ಹೇಳಿದೆ.

ಮರುದಿನ ಅತ್ತೆ ಹಿಟ್ಟಿನ ಪರಾತವನ್ನು ನನ್ನ ಮುಂದಿನಿಂದ ತಮ್ಮ ಕಡೆ ಎಳೆದುಕೊಂಡರು.

“ನೀ ನಿನ್ನ ಪಾರ್ಲರ್ ನೋಡ್ಕೊ ಬೇ. ರೊಟ್ಟಿ ನಾ ಬಡೀತೇನಿ.”

ಮದುವೆಯಾಗಿ ಬಂದಾಗಿನಿಂದ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅವರ ಮಣಿಕಟ್ಟು ಸೋತುಹೋಗಿತ್ತು. ನೀರಿನ ತಂಬಿಗೆಯನ್ನೂ ಎರಡು ಕೈಯಲ್ಲಿ ಎತ್ತುತ್ತಿದ್ದರು. ನಾನು ಒಂದು ಸಲ ಬೇಡ ಅಂದೆ. ಎರಡನೇ ಸಲ ಅನ್ನಲಿಲ್ಲ.

ನನ್ನ ಉಗುರು ನಿಂತವು. ಗಿರಾಕಿಗಳು ಬಂದರು. ಏನು ಮಾಡಿದರೆ ಏಳುವುದಿಲ್ಲ ಎಂದು ಕೇಳಿದವರಿಗೆಲ್ಲ ಎಣ್ಣೆ, ಚರ್ಮ, ಧೂಳು ಎಂದು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದೆ. ರೊಟ್ಟಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಸಂಜೆ ಅತ್ತೆ ಬಿಸಿ ಉಪ್ಪಿನ ಗಂಟಿನಿಂದ ಕೈಗೆ ಶಾಖ ಕೊಟ್ಟುಕೊಳ್ಳುವಾಗ ಆ ಕಡೆ ನೋಡದೆ ಹಾದುಹೋಗುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೆ ಕೆಲಸ ಬಿಡುವಷ್ಟು ಆಗುತ್ತಿರಲಿಲ್ಲ.

ಹಿಪ್ಪರಗಿಯಿಂದ ಒಬ್ಬಳು ಹೊಸ ಸೊಸೆ ಗಂಡನ ಬೈಕಿನಲ್ಲಿ ಬಂದಳು. ತಮ್ಮನ ಮದುವೆಗೆಂದು ಮನೆಯವರ ಮಾತು ಮೀರಿ ನನ್ನಿಂದ ಉಗುರು ಹಾಕಿಸಿಕೊಂಡಿದ್ದಳು. ಮದುವೆ ಇನ್ನೂ ಮುಂದಿತ್ತು, ಉಗುರು ಆಗಲೇ ಎದ್ದಿದ್ದವು. ಮನೆಯಲ್ಲಿ ನಗುತ್ತಿದ್ದಾರೆ ಎನ್ನುವಾಗ ಅವಳ ಕಣ್ಣು ತುಂಬಿತು. ಅಂಗಡಿಯ ಗಮ್ಮು ಹಾಕಿ ಒತ್ತಿದ್ದಳಂತೆ. ಹಾಗೆ ಒತ್ತಿದರೆ ನೀರು ಒಳಗೇ ಉಳಿದು ಕೆಳಗಿನ ಉಗುರು ಹಸಿರಾಗುತ್ತದೆ ಎಂದು ಗದರಿದೆ. ಪುಣ್ಯಕ್ಕೆ ಹಸಿರಾಗಿರಲಿಲ್ಲ. ಸಡಿಲಾದ ಭಾಗವನ್ನು ಕೀಳದೆ, ಗಟ್ಟಿ ಹಿಡಿದಿರುವ ಜಾಗದವರೆಗೆ ಅರದಿಂದ ಉಜ್ಜಿ ತೆಗೆದೆ, ಒಣಗಿಸಿ ಹೊಸದಾಗಿ ತೆಳ್ಳಗೆ ತುಂಬತೊಡಗಿದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ನಿಮ್ಮ ಕೈ ನೋಡೇ ಹಾಕಿಸ್ಕೊಂಡೇನ್ರಿ ಅಕ್ಕಾ,” ಅಂದಳು. “ನೀವೂ ದಿನಾ ರೊಟ್ಟಿ ಬಡೀತೀರಿ. ನಿಮ್ಮವು ಯಾಕ ಏಳಂಗಿಲ್ರಿ?”

ರೊಟ್ಟಿ ಬಡಿಯುವ ಕೈಗೆ ಇವು ನಿಲ್ಲುವುದಿಲ್ಲ ತಂಗಿ, ಗಿಡ್ಡ ಮಾಡಿ ಕೊಡುತ್ತೇನೆ ಅನ್ನಬಹುದಿತ್ತು. ಅಂದರೆ ಆ ಮಾತು ಹಿಪ್ಪರಗಿಗೆ ಮುಟ್ಟಿ, ಅಲ್ಲಿಂದ ನನ್ನ ಗಿರಾಕಿಗಳೆಲ್ಲರಿಗೂ ಮುಟ್ಟುತ್ತಿತ್ತು.

“ಬಡೀತೇನಿ,” ಅಂದೆ. “ಕೈ ಹಗೂರ ಇರಬೇಕಷ್ಟ.”

ಒಳಗಿನ ಸದ್ದು ನಿಂತಿತು. ರೊಟ್ಟಿ ಮುಗಿದು ನಿಂತದ್ದಲ್ಲ, ಅರ್ಧಕ್ಕೇ ನಿಂತದ್ದು. ನನಗೆ ಗೊತ್ತಾಯಿತು, ಆ ಹುಡುಗಿಗೆ ಗೊತ್ತಾಗಲಿಲ್ಲ. ಇನ್ನು ಮೇಲೆ ಹಗುರಾಗಿ ಬಡಿಯುತ್ತೇನೆ ಎಂದು ತಲೆಯಾಡಿಸಿದಳು. ಅವಳು ಹೊರಡುವವರೆಗೂ ಅಡುಗೆಮನೆಯಿಂದ ಬಳೆಯ ಸದ್ದೂ ಬರಲಿಲ್ಲ, ಸೀದ ವಾಸನೆಯೊಂದೇ ಬಂತು.

ಒಳಗೆ ಹೋದೆ. ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಅರ್ಧ ಬಡಿದದ್ದು ಅಂಚು ಸೀಳಿ ಒಣಗುತ್ತಿತ್ತು. ಅತ್ತೆ ಹಿಟ್ಟಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಹೋದ್ಲೇನ?” ಎಂದು ಸಣ್ಣ ದನಿಯಲ್ಲಿ ಕೇಳಿದರು.

ಹೂಂ ಅಂದೆ. ಬಾಗಿಲಲ್ಲೇ ನಿಂತೆ. ಅವರು ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ಉಂಡೆ ಮಾಡಿದರು.

“ನಾಳಿಂದ ಗಿರಾಕಿ ಬರೂದ್ರೊಳಗ ಬಡದು ಮುಗಸ್ತೇನಿ, ತಗೊ,” ಅಂದರು.